ಪಾವ್ಲೊವ್ ಪಂಡಿತನೂ ಅವನ ನಾಯಿಗಳೂ

ಹೊತ್ತು ಮುಳುಗುವ ವೇಳೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಯಾವ ಓಣಿಯಲ್ಲಿ ಹಾಯ್ದು ಹೋದರೂ ರೊಟ್ಟಿ ಬಡಿಯುವ ಸಪ್ಪಳವು ಕಿವಿಗೆ ಬೀಳುತ್ತದೆ. ಅಂಗಳದ ಮೂಲೆಯಲ್ಲಿ ಮುದುಡಿಕೊಂಡು ಮಲಗಿದ ನಾಯಿಯು ಆ ಸಪ್ಪಳಕ್ಕೆ ಕಿವಿ ನಿಮಿರಿಸಿ ಏಳುತ್ತದೆ. ಹಿತ್ತಲ ಬಾಗಿಲಿಗೆ ಬಂದು ಬಾಲವಾಡಿಸುತ್ತ ನಿಲ್ಲುತ್ತದೆ. ಅದರ ಬಾಯಿಂದ ಜೊಲ್ಲು ಸುರಿಯುತ್ತಿರುತ್ತದೆ. ರೊಟ್ಟಿಯನ್ನು ಅದು ಇನ್ನೂ ಕಂಡಿಲ್ಲ. ಹಿಟ್ಟು ಇನ್ನೂ ಹಂಚನ್ನೇ ಏರಿಲ್ಲ. ಆದರೂ ನಾಯಿಯ ಬಾಯಿಗೆ ಊಟವು ಬಂದಂತೆಯೇ ಆಗಿದೆ. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಕಾದ ಎಣ್ಣೆಗೆ ಮಿರ್ಚಿ ಬಿಟ್ಟಾಗ ಏಳುವ ಚುರ್ ಎಂಬ ಸದ್ದಿಗೆ ನಮ್ಮ ಬಾಯಲ್ಲಿಯೂ ನೀರೂರುತ್ತದೆಂಬುದನ್ನು ಪ್ರಾಮಾಣಿಕರಾದ ವಿದ್ಯಾರ್ಥಿಗಳು ಒಪ್ಪದೆ ಇರಲಾರರು.

ಇಷ್ಟು ಸಾಮಾನ್ಯವಾದ ಸಂಗತಿಯ ಬೆನ್ನು ಹತ್ತಿ ಮೂವತ್ತು ವರುಷಗಳಿಗಿಂತ ಹೆಚ್ಚು ಕಾಲವನ್ನು ಕಳೆದ ಮಹಾಶಯನೊಬ್ಬನು ರಶಿಯಾ ದೇಶದಲ್ಲಿದ್ದನು. ಅವನೇ ಇವಾನ್ ಪೆತ್ರೋವಿಚ್ ಪಾವ್ಲೊವ್. ಮನಶ್ಶಾಸ್ತ್ರದ ತರಗತಿಯಲ್ಲಿ ಅವನ ಹೆಸರನ್ನು ಕೇಳದವರಿಲ್ಲ. ಗಂಟೆ, ನಾಯಿ, ಜೊಲ್ಲು ಎಂಬ ಮೂರು ಶಬ್ದಗಳನ್ನು ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆಯದವರೂ ಕಡಿಮೆ. ಮನೆಗಳಲ್ಲಿ ಮಾತ್ರ ನಾಯಿಗೆ ಬುದ್ಧಿ ಕಲಿಸುವ ಸಾಧನವು ಇಂದಿಗೂ ಬಡಿಗೆಯೇ ಆಗಿದೆ. ಪುಸ್ತಕಕ್ಕೂ ಅಂಗಳಕ್ಕೂ ಇರುವ ಈ ಅಂತರವನ್ನು ಕಂಡು, ಆ ಪಂಡಿತನ ಜೀವನವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನ್ನಿಸಿತು.

ಮಾಸ್ಕೋ ನಗರದ ಆಗ್ನೇಯಕ್ಕೆ ರಿಯಾಜಾನ್ ಎಂಬ ಹಳೆಯ ಊರಿದೆ. ಅಲ್ಲಿಯ ಒಬ್ಬ ಪಾದ್ರಿಯ ಹಿರಿಯ ಮಗನಾಗಿ ಪಾವ್ಲೊವನು 1849ನೆಯ ಇಸವಿ ಸಪ್ಟೆಂಬರ 26ರಂದು ಹುಟ್ಟಿದನು. ತಂದೆಗೆ ಪುಸ್ತಕಗಳಲ್ಲಿಯೂ ತೋಟದ ಕೆಲಸದಲ್ಲಿಯೂ ಸಮನಾದ ಆಸ್ಥೆ. ಈ ಎರಡೂ ಮಗನಿಗೆ ಬಂದವು. ಮುದುಕನಾದ ಮೇಲೂ ಅವನು ಗುದ್ದಲಿಯನ್ನು ಬಿಡಲಿಲ್ಲ. ಹುಡುಗನಾಗಿದ್ದಾಗ ಎತ್ತರದಿಂದ ಕಲ್ಲುನೆಲದ ಮೇಲೆ ಬಿದ್ದು ಬಹುಕಾಲ ಹಾಸಿಗೆ ಹಿಡಿದುದರಿಂದ, ಹನ್ನೊಂದು ವರುಷವಾಗುವ ತನಕ ಅವನು ಶಾಲೆಯ ಮುಖವನ್ನೇ ಕಾಣಲಿಲ್ಲ. ಮನೆತನದ ಪದ್ಧತಿಯಂತೆ ಪಾದ್ರಿಗಳನ್ನು ತಯಾರಿಸುವ ವಿದ್ಯಾಲಯಕ್ಕೆ ಸೇರಿಸಿದರು. ಅಲ್ಲಿ ಅವನ ಕೈಗೆ ಸೆಚೆನೊವ್ ಎಂಬ ವೈದ್ಯನು 1863ರಲ್ಲಿ ಬರೆದ ಮೆದುಳಿನ ಪ್ರತಿವರ್ತನೆಗಳನ್ನು ಕುರಿತ ಪುಸ್ತಕವು ಬಿದ್ದಿತು. ಮನುಷ್ಯನ ಮನಸ್ಸಿನ ವ್ಯಾಪಾರಗಳೆಲ್ಲ ನರಗಳ ವ್ಯಾಪಾರಗಳೇ ಎಂಬ ವಾದವು ಅದರಲ್ಲಿತ್ತು. ಡಾರ್ವಿನ್ನನ ವಿಚಾರಗಳೂ ಅದೇ ಕಾಲಕ್ಕೆ ರಶಿಯಾದ ಪತ್ರಿಕೆಗಳ ಮೂಲಕ ಹಳ್ಳಿಪಟ್ಟಣಗಳನ್ನು ಮುಟ್ಟುತ್ತಿದ್ದವು. ಪಾದ್ರಿಯಾಗಬೇಕಾದವನು 1870ರಲ್ಲಿ ಅದನ್ನು ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಕ್ಕೆ ನಡೆದುಬಿಟ್ಟನು.

ಅಲ್ಲಿ ತ್ಸಿಯೋನ್ ಎಂಬ ಅಧ್ಯಾಪಕನು ಶರೀರಶಾಸ್ತ್ರವನ್ನು ಕಲಿಸುತ್ತಿದ್ದನು. ಶಸ್ತ್ರಕ್ರಿಯೆಯಲ್ಲಿ ಅವನದು ಪಳಗಿದ ಕೈ. ಪಾವ್ಲೊವನು ಎಡಗೈಯವನು, ಅಭ್ಯಾಸದಿಂದ ಬಲಗೈಯನ್ನೂ ಹಾಗೆಯೇ ಪಳಗಿಸಿಕೊಂಡು, ಎರಡೂ ಕೈಗಳಿಂದ ಚಾಕು ಹಿಡಿಯುವ ಚಾತುರ್ಯವನ್ನು ಪಡೆದನು. 1875ರಲ್ಲಿ ವಿಶ್ವವಿದ್ಯಾಲಯದ ಪದವಿ, ಮೇದೋಜೀರಕಾಂಗದ ನರಗಳ ಮೇಲೆ ಬರೆದ ಪ್ರಬಂಧಕ್ಕೆ ಚಿನ್ನದ ಪದಕ. ಬಳಿಕ ವೈದ್ಯಕೀಯ ಅಕಾಡೆಮಿಯಲ್ಲಿ ಓದು. 1883ರಲ್ಲಿ ಹೃದಯದ ನರಗಳ ಮೇಲೆ ಮಹಾಪ್ರಬಂಧ. ಎರಡು ವರುಷ ಜರ್ಮನಿಯಲ್ಲಿ ವ್ಯಾಸಂಗ. ಈ ಭಾಗವು ಎಲ್ಲ ಪಂಡಿತರ ಜೀವನದಂತೆಯೇ ಇರುವುದರಿಂದ ಇಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ.

ಹೇಳಬೇಕಾದದ್ದು ಅವನ ಬಡತನವನ್ನು. 1881ರಲ್ಲಿ ಅವನು ಸೆರಾಫಿಮಾ ಎಂಬ ತರುಣಿಯನ್ನು ಮದುವೆಯಾದನು. ಸಂಸಾರಕ್ಕೆ ಸರಿಯಾದ ಮನೆಯಿರಲಿಲ್ಲ. ಚೊಚ್ಚಲ ಮಗುವು ಎಳೆತನದಲ್ಲಿಯೇ ತೀರಿಕೊಂಡಿತು. ಬೋತ್ಕಿನ್ ಎಂಬ ಹೆಸರಾಂತ ವೈದ್ಯನ ಆಸ್ಪತ್ರೆಯ ಆವರಣದಲ್ಲಿ ಮರದ ಹಲಿಗೆಗಳಿಂದ ಕಟ್ಟಿದ ಒಂದು ಪುಟ್ಟ ಮನೆಯೇ ಪಾವ್ಲೊವನ ಪ್ರಯೋಗಶಾಲೆಯಾಗಿದ್ದಿತು. ಅವನ ಕಷ್ಟವನ್ನು ನೋಡಲಾರದೆ ಗೆಳೆಯರು ಒಂದು ಉಪಾಯವನ್ನು ಹೂಡಿದರು. ಹೃದಯದ ನರಗಳ ಮೇಲೆ ಉಪನ್ಯಾಸಗಳನ್ನು ಕೊಡಬೇಕೆಂದು ಕೇಳಿಕೊಂಡು, ಅದರ ಖರ್ಚಿಗೆಂಬ ನೆವದಿಂದ ಹಣವನ್ನು ಕೂಡಿಸಿ ಅವನ ಕೈಗಿತ್ತರು. ಮನೆಗೆ ಒಂದಿಷ್ಟು ದಿನಸಿಯಾದರೂ ಬಂದೀತೆಂಬುದು ಅವರ ಆಸೆ. ಪಾವ್ಲೊವನು ಆ ಹಣವನ್ನೆಲ್ಲ ಪ್ರಯೋಗದ ಪ್ರಾಣಿಗಳಿಗೇ ಸುರಿದನು! ಇಂಥ ಗಂಡನೊಡನೆ ಐವತ್ತು ವರುಷಗಳಿಗೂ ಮೀರಿ ಬಾಳ್ವೆ ಮಾಡಿದ ಆ ತಾಯಿಯ ತಾಳ್ಮೆಗೆ ಯಾವ ಅಕಾಡೆಮಿಯೂ ಪದಕವನ್ನು ಕೊಡಲಿಲ್ಲ.

1890ರಲ್ಲಿ ದೆಸೆಯು ತಿರುಗಿತು. ಸೈನಿಕ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಾಧ್ಯಾಪಕ ಪದವಿಯೂ, ಅದರ ಬೆನ್ನ ಹಿಂದೆಯೇ ಹೊಸದಾಗಿ ಹುಟ್ಟಿದ ಪ್ರಾಯೋಗಿಕ ವೈದ್ಯ ಸಂಸ್ಥೆಯಲ್ಲಿ ಶರೀರಶಾಸ್ತ್ರ ವಿಭಾಗದ ಹಿರಿತನವೂ ದೊರೆತವು. 1893ರಲ್ಲಿ ಆಲ್‌ಫ್ರೆಡ್ ನೊಬೆಲ್ಲನು ಆ ಸಂಸ್ಥೆಗೆ 10,000 ರೂಬಲ್ ದಾನವನ್ನು ಕೊಟ್ಟನು. ಅದರಿಂದ ಪಾವ್ಲೊವನ ಪ್ರಯೋಗಶಾಲೆಯು ದೊಡ್ಡದಾಯಿತು. ಆ ದಾನಿಯ ಹೆಸರಿನ ಪಾರಿತೋಷಕವೇ ಹನ್ನೊಂದು ವರುಷಗಳ ತರುವಾಯ ಪಾವ್ಲೊವನನ್ನು ಹುಡುಕಿಕೊಂಡು ಬಂದುದು ವಿಧಿಯ ವಿನೋದವೇ ಸರಿ.

ಅಂದಿನ ಶರೀರಶಾಸ್ತ್ರಜ್ಞರು ಪ್ರಾಣಿಯನ್ನು ಕಟ್ಟಿ, ಕೊಯ್ದು, ಅದು ಸಾಯುವುದರೊಳಗೆ ನೋಡಬೇಕಾದುದನ್ನು ನೋಡಿ ಮುಗಿಸುತ್ತಿದ್ದರು. ನೋವಿನಲ್ಲಿಯೂ ರಕ್ತಸ್ರಾವದಲ್ಲಿಯೂ ಇರುವ ದೇಹವು ತನ್ನ ಸಹಜ ವ್ಯಾಪಾರವನ್ನು ಹೇಗೆ ತೋರಿಸೀತು? ಇದು ಪಾವ್ಲೊವನ ಪ್ರಶ್ನೆ. ಅವನು ನಾಯಿಗಳಿಗಾಗಿ ಮನುಷ್ಯರ ಆಸ್ಪತ್ರೆಯಂಥ ಶಸ್ತ್ರಕ್ರಿಯೆಯ ಕೋಣೆಗಳನ್ನು ಸಿದ್ಧಪಡಿಸಿದನು. ಸ್ನಾನ, ಮಂಪರು ಔಷಧ, ಶುದ್ಧಿ ಮಾಡಿದ ಉಪಕರಣಗಳು, ಗಾಯ ಮಾಯುವವರೆಗೆ ಆರೈಕೆ ಎಲ್ಲವೂ ಅಲ್ಲಿದ್ದವು. ಚಿಕ್ಕದೊಂದು ಕಿಂಡಿಯನ್ನು ಮಾಡಿ, ಒಳಗಿನ ರಸವು ಹೊರಗೆ ಬರುವಂತೆ ನಳಿಗೆಯನ್ನು ಕೂಡಿಸಿ, ನಾಯಿಯನ್ನು ವರುಷಗಟ್ಟಲೆ ಬದುಕಿಸಿ ಇಟ್ಟುಕೊಳ್ಳುವುದು ಅವನ ಕ್ರಮ. ದ್ರುಜೋಕ್ ಎಂಬ ನಾಯಿಯು ಇವುಗಳಲ್ಲಿ ಹೆಸರಾದದ್ದು. ಆ ಶಬ್ದಕ್ಕೆ ಪುಟ್ಟ ಗೆಳೆಯ ಎಂದು ಅರ್ಥ.

ಈ ಕಾಲದ ಒಂದು ಸಂಗತಿಯನ್ನು ಪಾವ್ಲೊವನೇ ತನ್ನ ಉಪನ್ಯಾಸಗಳಲ್ಲಿ ಬರೆದಿಟ್ಟಿದ್ದಾನೆ. ಮೇದೋಜೀರಕದ ರಸಕ್ಕೆ ಕಿಂಡಿ ಮಾಡಿದ ನಾಯಿಗಳ ಹೊಟ್ಟೆಯ ಚರ್ಮವನ್ನು ಆ ರಸವೇ ತಿಂದು ಹುಣ್ಣು ಮಾಡುತ್ತಿದ್ದಿತು. ಎಷ್ಟು ಮುಲಾಮು ಹಚ್ಚಿದರೂ ಗುಣ ಕಾಣದು. ಹೀಗಿರಲು ಒಂದು ನಾಯಿಯನ್ನು ಕಟ್ಟಿದ್ದ ಗೋಡೆಯ ಗಿಲಾವು ಬೆಳಗಾಗುವಷ್ಟರಲ್ಲಿ ಕಿತ್ತುಹೋಗಿ ಕೆಳಗೆ ಗುಡ್ಡೆಯಾಗಿ ಬಿದ್ದಿತ್ತು. ಸಿಟ್ಟಿಗೆದ್ದ ಸಿಬ್ಬಂದಿಯು ಅದನ್ನು ಬೇರೆ ಕಡೆಗೆ ಕಟ್ಟಿತು. ಅಲ್ಲಿಯೂ ಅದೇ ಕಥೆ. ಆಗ ಪಾವ್ಲೊವನು ಬಗ್ಗಿ ನೋಡಿದನು. ನಾಯಿಯು ಆ ಪುಡಿಗಿಲಾವಿನ ಮೇಲೆ ಮಲಗಿತ್ತು. ಪುಡಿಯು ರಸವನ್ನು ಹೀರಿಕೊಂಡು ಅದರ ಹುಣ್ಣು ಒಣಗುತ್ತ ಬಂದಿತ್ತು. ಅಂದಿನಿಂದ ಅಂಥ ನಾಯಿಗಳಿಗೆಲ್ಲ ಹೀರುವಂಥ ಪುಡಿಯ ಹಾಸಿಗೆಯನ್ನು ಹಾಕಿಕೊಡುವ ರೂಢಿಯಾಯಿತು. ನಾಯಿಯು ಮಾಡಿದ ಹಾಳು ಕೆಲಸಕ್ಕೆ ಏಟು ಕೊಡುವ ಮೊದಲು ಅದೇಕೆ ಹಾಗೆ ಮಾಡಿತೆಂದು ನೋಡುವ ಗುಣವು ಅವನಲ್ಲಿತ್ತು. ಮನೆಯ ಚಪ್ಪಲಿಗಳನ್ನು ಕಚ್ಚಿ ಹರಿಯುವ ನಾಯಿಕುನ್ನಿಗೆ ಹೊಸ ಹಲ್ಲು ಬರುತ್ತಿದೆಯೆಂಬುದನ್ನು ನಮ್ಮಲ್ಲಿ ಎಷ್ಟು ಜನ ನೋಡುತ್ತಾರೆ?

ಇನ್ನೊಂದು ಪ್ರಯೋಗದಲ್ಲಿ, ತಿಂದ ಆಹಾರವು ಹೊಟ್ಟೆಗೆ ಹೋಗದೆ ಕೊರಳಿನಿಂದಲೇ ಹೊರಗೆ ಬೀಳುವಂತೆ ಮಾಡಿದ್ದರು. ಹೊಟ್ಟೆಗೆ ಒಂದು ತುಣುಕೂ ಹೋಗದಿದ್ದರೂ ಜಠರರಸವು ಧಾರಾಳವಾಗಿ ಸುರಿಯಿತು. ಆ ರಸವನ್ನು ಶುದ್ಧಗೊಳಿಸಿ ಅಜೀರ್ಣದ ರೋಗಿಗಳಿಗೆ ಮಾರಿ, ಪ್ರಯೋಗಶಾಲೆಯ ಖರ್ಚಿನ ಒಂದು ಪಾಲನ್ನು ಹೊಂದಿಸುತ್ತಿದ್ದರೆಂದರೆ ನಗು ಬರುತ್ತದೆ. ಆದರೆ ಅದು ನಿಜ. ಜೀರ್ಣಕ್ರಿಯೆಯ ಮೇಲಿನ ಈ ಕೆಲಸಕ್ಕಾಗಿಯೇ 1904ರ ನೊಬೆಲ್ ಪಾರಿತೋಷಕವು ಅವನಿಗೆ ಬಂದಿತು. ರಶಿಯಾದವರಲ್ಲಿ ಅದನ್ನು ಪಡೆದ ಮೊದಲಿಗನು ಅವನೇ. ನಾಯಿ ಮತ್ತು ಗಂಟೆಯ ಕೆಲಸಕ್ಕೆ ಆ ಪಾರಿತೋಷಕವು ಬಂದಿತೆಂದು ತಿಳಿದವರು ಬಹಳ ಜನ, ಹಾಗಲ್ಲ.

ಪಾರಿತೋಷಕವು ಬರುವ ಹೊತ್ತಿಗೆ ಪಾವ್ಲೊವನ ಮನಸ್ಸು ಬೇರೊಂದು ಕಡೆಗೆ ಹರಿದಿತ್ತು. ಊಟವನ್ನು ತರುವ ಆಳಿನ ಹೆಜ್ಜೆಯ ಸಪ್ಪಳವನ್ನು ಕೇಳಿಯೇ ನಾಯಿಗಳು ಜೊಲ್ಲು ಸುರಿಸುವುದನ್ನು ಅವನೂ ಅವನ ಶಿಷ್ಯರೂ ಕಂಡಿದ್ದರು. ಮೊದಮೊದಲು ಇದು ಲೆಕ್ಕವನ್ನು ಕೆಡಿಸುವ ಕಾಟವಾಗಿದ್ದಿತು. ಸ್ನಾರ್ಸ್ಕಿ ಎಂಬ ಶಿಷ್ಯನು, ನಾಯಿಯು ಹೀಗೆ ಯೋಚಿಸುತ್ತದೆ, ಹಾಗೆ ಬಯಸುತ್ತದೆ ಎಂದು ಮನುಷ್ಯನ ಮನಸ್ಸನ್ನೇ ನಾಯಿಗೆ ಆರೋಪಿಸಿ ವಿವರಿಸಹೊರಟನು. ಪಾವ್ಲೊವನಿಗೆ ಅದು ಒಪ್ಪಿಗೆಯಾಗಲಿಲ್ಲ. ನಾಯಿಯ ಮನಸ್ಸಿನೊಳಗೆ ಇಣುಕಲು ನಮಗೆ ಕಿಟಕಿಯಿಲ್ಲ. ಆದರೆ ಜೊಲ್ಲಿನ ಹನಿಗಳನ್ನು ಎಣಿಸಬಹುದು ಎಂಬುದು ಅವನ ನಿಲುವು. ಕೆನ್ನೆಯಲ್ಲಿ ಸಣ್ಣ ಕಿಂಡಿಯನ್ನು ಮಾಡಿ ಹನಿಗಳನ್ನು ಎಣಿಸುತ್ತ ಕುಳಿತನು. 1903ರಲ್ಲಿ ಮ್ಯಾಡ್ರಿಡ್ ನಗರದ ವೈದ್ಯ ಸಮ್ಮೇಳನದಲ್ಲಿ ಈ ಹೊಸ ಹಾದಿಯನ್ನು ಲೋಕದ ಮುಂದೆ ಇಟ್ಟನು.

ಬಾಯಿಗೆ ಆಹಾರವು ಬಿದ್ದಾಗ ಜೊಲ್ಲು ಬರುವುದು ಹುಟ್ಟುಗುಣ. ಅದಕ್ಕೆ ಯಾವ ಉಪಾಧಿಯೂ ಬೇಡ. ಸಪ್ಪಳಕ್ಕೆ ಜೊಲ್ಲು ಬರುವುದಾದರೋ, ಆ ಸಪ್ಪಳದ ಬೆನ್ನಿಗೆ ಆಹಾರವು ಬರುತ್ತದೆಂಬ ಉಪಾಧಿಯ ಮೇಲೆ ನಿಂತಿದೆ. ಆದ್ದರಿಂದ ಅದಕ್ಕೆ ಸೋಪಾಧಿಕ ಪ್ರತಿವರ್ತನೆಯೆಂದು ಹೆಸರಾಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಅನುಬಂಧಿತ ಪ್ರತಿಕ್ರಿಯೆ ಎಂದಿರುವುದು ಇದೇ. ಗಂಟೆಯ ಕಥೆಯು ಲೋಕಪ್ರಸಿದ್ಧವಾಗಿದ್ದರೂ ಅವನು ಹೆಚ್ಚಾಗಿ ಬಳಸಿದ್ದು ಸಂಗೀತಗಾರರು ತಾಳಕ್ಕಿಟ್ಟುಕೊಳ್ಳುವ ಟಕ್‌ಟಕ್ ಯಂತ್ರವನ್ನು, ವಿದ್ಯುದ್ದೀಪವನ್ನು, ಗುಂಯ್‌ಗುಟ್ಟುವ ಬಜರನ್ನು, ಚರ್ಮದ ಮೇಲಿನ ಮೃದು ಸ್ಪರ್ಶವನ್ನು.

ನಾಯಿಯನ್ನು ಸಾಕುವವರಿಗೆ ಇಲ್ಲಿಯ ಎರಡು ಮಾತುಗಳು ಮುಖ್ಯ. ಸಂಕೇತವು ಮೊದಲು ಬರಬೇಕು, ಆಹಾರವು ಅದರ ಬೆನ್ನಿಗೇ ಬರಬೇಕು; ಮೊದಲು ಆಹಾರವನ್ನು ಕೊಟ್ಟು ಆಮೇಲೆ ಸಪ್ಪಳ ಮಾಡಿದರೆ ನಾಯಿಯು ಕಲಿಯುವುದು ಅತ್ಯಲ್ಪ. ಸಂಕೇತದ ಹಿಂದೆ ಯಾವುದು ಬರುತ್ತದೆಯೋ ಅದರ ಬಣ್ಣವು ಸಂಕೇತಕ್ಕೆ ಹತ್ತುತ್ತದೆ, ಇದು ಎರಡನೆಯದು. ನಾಯಿಯನ್ನು ಹೆಸರು ಹಿಡಿದು ಕರೆಯುತ್ತಾರೆ, ಅದು ಓಡಿಬರುತ್ತದೆ, ಮುಂಜಾನೆ ಮಾಡಿದ ತಪ್ಪಿಗಾಗಿ ಎರಡು ಏಟು ಹಾಕುತ್ತಾರೆ. ಮುಂಜಾನೆಯ ತಪ್ಪಿಗೂ ಈಗಿನ ಏಟಿಗೂ ಅದರ ಮಟ್ಟಿಗೆ ಸಂಬಂಧವೇ ಇಲ್ಲ. ಹೆಸರಿಗೂ ಏಟಿಗೂ ಮಾತ್ರ ಗಂಟು ಬಿದ್ದಿತು. ನಾಳೆ ಕರೆದರೆ ಅದು ಬರುವುದಿಲ್ಲ. ಆಗ ಯಜಮಾನನು ನಾಯಿಗೆ ಸೊಕ್ಕು ಬಂದಿತೆನ್ನುತ್ತಾನೆ.

ಏಟಿನ ಮಾತು ಬಂದುದರಿಂದ ಇನ್ನೆರಡು ಪ್ರಯೋಗಗಳನ್ನು ಹೇಳಲೇಬೇಕು. ಯೆರೊಫೆಯೆವಾ ಎಂಬ ಶಿಷ್ಯೆಯು 1912ರ ಸುಮಾರಿಗೆ ನಾಯಿಯ ಚರ್ಮಕ್ಕೆ ವಿದ್ಯುತ್ತಿನ ಪೆಟ್ಟನ್ನು ಮುಟ್ಟಿಸಿ, ಪ್ರತಿಸಲವೂ ಅದರ ಬೆನ್ನಿಗೆ ಆಹಾರವನ್ನು ಕೊಟ್ಟಳು. ಕ್ರಮೇಣ ನಾಯಿಯು ಆ ಪೆಟ್ಟಿಗೆ ಒದ್ದಾಡುವುದನ್ನು ಬಿಟ್ಟು, ಬಾಲವಾಡಿಸಿ ಜೊಲ್ಲು ಸುರಿಸತೊಡಗಿತು. ನೋವೂ ಊಟದ ಸಂಕೇತವಾಯಿತು! ಆದರೆ ಪೆಟ್ಟನ್ನು ಮೈಯ ಬೇರೆ ಬೇರೆ ಭಾಗಗಳಿಗೆ ಬದಲಾಯಿಸುತ್ತ ಹೋದಾಗ ಒಂದು ದಿನ ಇದ್ದಕ್ಕಿದ್ದಂತೆ ಎಲ್ಲವೂ ಮುರಿದುಬಿದ್ದು, ನಾಯಿಯು ಹುಚ್ಚೆದ್ದು ಹೊಯ್ದಾಡಿತು. ಇನ್ನೊಬ್ಬ ಶಿಷ್ಯೆ ಶೆಂಗರ್ ಕ್ರೆಸ್ತೊವ್ನಿಕೊವಾ 1914ರಲ್ಲಿ ನಡೆಸಿದ್ದು ಇದಕ್ಕಿಂತ ಮೃದುವಾದ, ಆದರೆ ಇದಕ್ಕಿಂತ ಮರುಕ ಹುಟ್ಟಿಸುವ ಪ್ರಯೋಗ. ಪರದೆಯ ಮೇಲೆ ವೃತ್ತವು ಮೂಡಿದರೆ ಊಟವುಂಟು. ಉದ್ದನೆಯ ದೀರ್ಘವೃತ್ತವು ಮೂಡಿದರೆ ಇಲ್ಲ. ನಾಯಿಯು ಇದನ್ನು ಬೇಗನೆ ಕಲಿತಿತು. ಆಮೇಲೆ ದೀರ್ಘವೃತ್ತವನ್ನು ದಿನದಿನಕ್ಕೆ ದುಂಡಗೆ ಮಾಡುತ್ತ ಬಂದರು. ಅದರ ಎರಡು ಅಳತೆಗಳು 9ಕ್ಕೆ 8ರಷ್ಟು ಹತ್ತಿರವಾದಾಗ ನಾಯಿಗೆ ಭೇದವು ತಿಳಿಯದಾಯಿತು. ಮೂರು ವಾರ ಹೆಣಗಿತು. ಕೊನೆಗೆ ಶಾಂತಸ್ವಭಾವದ ಆ ನಾಯಿಯು ಕಿರುಚಿ, ಕಟ್ಟುಗಳನ್ನು ಹಲ್ಲಿನಿಂದ ಕಡಿದು, ಕೋಣೆಯತ್ತ ಬರಲೂ ಬೊಗಳಿ ವಿರೋಧಿಸಿತು. ಮೊದಲು ಸುಲಭವಾಗಿ ತಿಳಿಯುತ್ತಿದ್ದ ಭೇದವನ್ನೂ ಮರೆತಿತು. ಯಾರೂ ಅದನ್ನು ಹೊಡೆದಿರಲಿಲ್ಲ. ಹೌದೋ ಅಲ್ಲವೋ ತಿಳಿಯದ ಸ್ಥಿತಿಯೇ ಅದನ್ನು ಮುರಿದುಹಾಕಿತು.

ಇದನ್ನು ಓದುವಾಗ ನಮ್ಮ ಮನೆಗಳ ಚಿತ್ರವು ಕಣ್ಣ ಮುಂದೆ ಬರುತ್ತದೆ. ಅಪ್ಪನು ನಾಯಿಗೆ ಕೂಡು ಎನ್ನುತ್ತಾನೆ. ಅಣ್ಣನು ಕುಂದ್ರು ಎನ್ನುತ್ತಾನೆ. ಕಾಲೇಜಿಗೆ ಹೋಗುವ ತಮ್ಮನು ಇಂಗ್ಲಿಷಿನಲ್ಲಿ ಸಿಟ್ ಎನ್ನುತ್ತಾನೆ. ಪಡಸಾಲೆಗೆ ಬಂದರೆ ತಂಗಿಯು ಮುದ್ದಾಡುತ್ತಾಳೆ, ಅವ್ವನು ಕಸಬರಿಗೆಯನ್ನು ಎತ್ತುತ್ತಾಳೆ. ಒಂದೇ ಕೆಲಸಕ್ಕೆ ಸೋಮವಾರ ರೊಟ್ಟಿ, ಮಂಗಳವಾರ ಒದೆ. ಪಾವ್ಲೊವನ ನಾಯಿಗೆ ದುಂಡಗಿನ ದೀರ್ಘವೃತ್ತವು ಎಂಥದೋ, ನಮ್ಮ ನಾಯಿಗೆ ನಮ್ಮ ಮನೆಯು ಅಂಥದು. ಅದು ಕಚ್ಚಿದರೆ ದೋಷವು ಯಾರದು?

ಪಾವ್ಲೊವನನ್ನು ದಯಾಸಾಗರನೆಂದು ಬಣ್ಣಿಸುವುದು ಸತ್ಯವಾಗಲಾರದು. ಅವನ ಪ್ರಯೋಗಶಾಲೆಯಲ್ಲಿ ಎಷ್ಟೋ ನಾಯಿಗಳು ಸತ್ತವು. ಬೀದಿಯಿಂದ ಹಿಡಿದುತಂದ ನಾಯಿಗಳು ಯಾವ ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ. ಇಂದಿನ ನಿಯಮಗಳ ಪ್ರಕಾರ ಆ ಪ್ರಯೋಗಗಳಲ್ಲಿ ಹಲವಕ್ಕೆ ಅನುಮತಿಯೇ ದೊರೆಯಲಿಕ್ಕಿಲ್ಲ. ಅವನಿಗೂ ಇದರ ಅರಿವಿತ್ತು. ಬದುಕಿರುವ ಪ್ರಾಣಿಯನ್ನು ಕೊಯ್ಯುವಾಗ ಒಳಗೇ ಪಶ್ಚಾತ್ತಾಪ ಪಡುತ್ತೇನೆಂಬ ಅರ್ಥದಲ್ಲಿ ಅವನು ಬರೆದದ್ದುಂಟು. ಆದರೆ ಚಾಕುವನ್ನು ಕೆಳಗಿಡಲಿಲ್ಲ. ಈ ಲೇಖಕನ ಅಭಿಪ್ರಾಯದಲ್ಲಿ, ಆ ನಾಯಿಗಳಿಂದ ಬಂದ ಜ್ಞಾನವನ್ನು ನಾಯಿಗಳ ಹಿತಕ್ಕೆ ಬಳಸದೆ ಬಿಟ್ಟರೆ ಸಾಲವು ತೀರದೆ ಉಳಿಯುತ್ತದೆ.

ನಮ್ಮ ಸೀಮೆಯು ನಾಯಿಯನ್ನು ಗೌರವಿಸಲು ಅರಿಯದ ಸೀಮೆಯೇನೂ ಅಲ್ಲ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಗೊರವರು ತಮ್ಮನ್ನು ಮೈಲಾರನ ನಾಯಿಗಳೆಂದು ಹೇಳಿಕೊಳ್ಳುತ್ತಾರೆ. ದೋಣಿ ತುಂಬಿಸುವ ಸೇವೆಯಲ್ಲಿ ನಾಯಿಗಳಂತೆ ಬೊಗಳುತ್ತ ಪ್ರಸಾದವನ್ನು ಉಣ್ಣುತ್ತಾರೆ. ಭಕ್ತರು ಅವರಿಗೆ ಕೈಮುಗಿಯುತ್ತಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವೆ ನಿಲ್ಲಿಸಿದ ಕಲ್ಲೊಂದಿದ್ದಿತು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿಸಿದ ಮಣಲೆರನೆಂಬ ವೀರನು ಒಡೆಯನಿಂದ ಊರನ್ನು ಬೇಡದೆ ಕಾಳಿ ಎಂಬ ನಾಯಿಯನ್ನು ಬೇಡಿದನು. ಆ ಕಾಳಿಯು ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಷ್ಟೆಲ್ಲ ಇದ್ದೂ ಓಣಿಯ ನಾಯಿಯು ಮನುಷ್ಯನು ಸುಮ್ಮನೆ ನೆಲಕ್ಕೆ ಬಗ್ಗಿದರೆ ಸಾಕು, ಬಾಲವನ್ನು ಮಡಚಿ ಓಡುತ್ತದೆ. ಬಗ್ಗುವುದು ಅದಕ್ಕೆ ಕಲ್ಲಿನ ಸಂಕೇತ. ಅಷ್ಟು ಅಚ್ಚುಕಟ್ಟಾಗಿ ನಾವು ಅದಕ್ಕೆ ಒಂದೇ ಒಂದು ಪಾಠವನ್ನು ಕಲಿಸಿದ್ದೇವೆ.

ಮತ್ತೆ ಪಾವ್ಲೊವನ ಕಡೆಗೆ ಬರೋಣ. 1917ರ ಕ್ರಾಂತಿಯು ಅವನ ನೊಬೆಲ್ ಹಣವನ್ನು ನುಂಗಿತು. ಪೆಟ್ರೊಗ್ರಾಡಿನಲ್ಲಿ ಅನ್ನವಿಲ್ಲ, ಸೌದೆಯಿಲ್ಲ. ಎಪ್ಪತ್ತರ ಹತ್ತಿರದ ಪಂಡಿತನು ಸಂಸ್ಥೆಯ ಜಾಗದಲ್ಲಿ ತರಕಾರಿಯನ್ನು ಬೆಳೆದು ಮನೆಗೆ ಒಯ್ಯುತ್ತಿದ್ದನು. ಅವನ ಒಬ್ಬ ಮಗನು 1919ರಲ್ಲಿ ತೀರಿಕೊಂಡನು. ಇನ್ನೊಬ್ಬನು ವಿರೋಧಿ ಸೈನ್ಯದಲ್ಲಿದ್ದು ದೇಶವನ್ನು ಬಿಟ್ಟಿದ್ದನು. ಪ್ರಯೋಗಶಾಲೆಯ ನಾಯಿಗಳು ಹಸಿವಿನಿಂದ ಎಲುಬುಗೂಡಾದವು. ಸಾಯುವ ಸ್ಥಿತಿಗೆ ಬಂದ ನಾಯಿಗಳಲ್ಲಿ ಕಲಿತ ಪ್ರತಿವರ್ತನೆಗಳೆಲ್ಲ ಅಳಿಸಿಹೋದುದನ್ನು ಅವನು ಬರೆದಿಟ್ಟನು. ತನ್ನ ಹೊಟ್ಟೆಯೇ ಹಸಿದಿರುವಾಗಲೂ ಹನಿಗಳನ್ನು ಎಣಿಸುವುದನ್ನು ಬಿಡದ ಮನುಷ್ಯ! ದೇಶವನ್ನು ಬಿಡುವ ಯೋಚನೆಯೂ ಅವನಿಗೆ ಬಂದಿತ್ತು. ಕೊನೆಗೆ 1921ನೆಯ ಇಸವಿ ಜನವರಿ 24ರಂದು ಲೆನಿನ್ನನ ಸರಕಾರವು ವಿಶೇಷ ಆಜ್ಞೆಯನ್ನು ಹೊರಡಿಸಿ, ಅವನಿಗೂ ಅವನ ಕೆಲಸಕ್ಕೂ ಬೇಕಾದ ಅನುಕೂಲಗಳನ್ನು ಒದಗಿಸಿತು. ಅನ್ನವನ್ನು ಉಂಡು ಬಾಯಿಮುಚ್ಚಿಕೊಳ್ಳುವ ಸ್ವಭಾವ ಅವನದಲ್ಲ. ಸರಕಾರವನ್ನು ಬಹಿರಂಗವಾಗಿ ಟೀಕಿಸಿದನು. ಪಾದ್ರಿಗಳ ಮಕ್ಕಳೆಂಬ ಕಾರಣಕ್ಕೆ ವಿದ್ಯಾರ್ಥಿಗಳನ್ನು ವೈದ್ಯಕೀಯ ಅಕಾಡೆಮಿಯಿಂದ ಹೊರಗೆ ಹಾಕಿದಾಗ, ತಾನೂ ಪಾದ್ರಿಯ ಮಗನೇ ಎಂದು ತನ್ನ ಪ್ರಾಧ್ಯಾಪಕ ಪದವಿಯನ್ನೇ ಬಿಟ್ಟನು.

1924ನೆಯ ಇಸವಿ ಸಪ್ಟೆಂಬರ 23ರಂದು ಸಮುದ್ರದ ಗಾಳಿಗೆ ನೇವಾ ನದಿಯು ಉಕ್ಕಿ ಲೆನಿನ್‌ಗ್ರಾಡನ್ನು ಮುಳುಗಿಸಿತು. ನಾಯಿಗಳ ಗೂಡುಗಳೊಳಗೆ ನೀರು ಏರತೊಡಗಿತು. ಶಿಷ್ಯರೂ ಆಳುಗಳೂ ಹರಿಯುವ ನೀರಿನಲ್ಲಿ ಹೋಗಿ, ಮುಳುಗಿದ ಸಣ್ಣ ಬಾಗಿಲುಗಳಿಂದ ನಾಯಿಗಳ ತಲೆಯನ್ನು ನೀರೊಳಗೆ ಅದುಮಿ ಹೊರಗೆಳೆದು, ಈಸಿಸಿಕೊಂಡು ಪ್ರಯೋಗಶಾಲೆಗೆ ತಂದರು. ನಾಯಿಗಳು ಉಳಿದವು. ಆದರೆ ಕೆಲವು ದಿನಗಳ ಮೇಲೆ ಪ್ರಯೋಗಕ್ಕೆ ನಿಲ್ಲಿಸಿದಾಗ, ಅಂಜುಬುರುಕ ಸ್ವಭಾವದ ನಾಯಿಗಳು ವರುಷಗಟ್ಟಲೆ ಕಲಿತದ್ದನ್ನು ಮರೆತಿದ್ದವು. ಒಂದು ನಾಯಿಯನ್ನು ವಾರಗಳ ತನಕ ಸಮಾಧಾನದಿಂದ ಮತ್ತೆ ಹದಕ್ಕೆ ತಂದಮೇಲೆ, ಕೋಣೆಯ ಬಾಗಿಲಿನ ಕೆಳಗಿಂದ ಸ್ವಲ್ಪ ನೀರನ್ನು ಹರಿಯಬಿಟ್ಟು ನೋಡಿದರು. ಅಷ್ಟಕ್ಕೇ ಅದರ ನಡುಕವೆಲ್ಲ ಮರಳಿ ಬಂದಿತು. ಒಮ್ಮೆಯ ಭಯವು ನೂರು ದಿನಗಳ ಕಲಿಕೆಯನ್ನು ಅಳಿಸಬಲ್ಲುದೆಂದು ಪಾವ್ಲೊವನು ಅಂದು ಕಂಡನು.

ಕೊನೆಯ ವರುಷಗಳಲ್ಲಿ ಅವನು ನಗರದ ಹೊರಗಿನ ಕೊಲ್ತುಶಿ ಎಂಬ ಹಳ್ಳಿಯಲ್ಲಿ ನಾಯಿಗಳ ಸ್ವಭಾವವನ್ನು ಅಭ್ಯಾಸ ಮಾಡುತ್ತಿದ್ದನು. ಒಂದೇ ತಾಯಿಯ ಮರಿಗಳಲ್ಲಿ ಕೆಲವನ್ನು ಗೂಡಿನಲ್ಲಿಯೂ ಕೆಲವನ್ನು ಸ್ವತಂತ್ರವಾಗಿಯೂ ಬೆಳೆಸಿದರು. ಗೂಡಿನ ಮರಿಗಳು ದೊಡ್ಡವಾದ ಮೇಲೆ ಪ್ರತಿಯೊಂದು ಹೊಸ ಸಪ್ಪಳಕ್ಕೂ ನೆಲಕ್ಕಂಟಿ ಅಂಜುತ್ತಿದ್ದವು. ಹಗಲೆಲ್ಲ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕಿ, ಬಂದವರ ಮೇಲೆಲ್ಲ ಬೀಳುತ್ತದೆಂದು ದೂರುವವರು ಈ ಪ್ರಯೋಗವನ್ನು ನೆನೆಯಬೇಕು.

ಪಾವ್ಲೊವನು ಕಂಡದ್ದು ಸಂಕೇತದ ಮರ್ಮವನ್ನು. ನಾಯಿಯು ತಾನಾಗಿ ಮಾಡಿದ ಕೆಲಸಕ್ಕೆ ಫಲವನ್ನಿತ್ತು ಆ ಕೆಲಸವನ್ನು ಬಲಪಡಿಸುವ ಮರ್ಮವನ್ನು ಹಿಡಿದವರು ಅಮೇರಿಕದವರು. ಥಾರ್ನ್‌ಡೈಕನು 1898ರಲ್ಲಿ ಬೆಕ್ಕುಗಳ ಮೇಲೆ ಅದನ್ನು ತೋರಿಸಿದನು. ಪಾವ್ಲೊವನ ಪುಸ್ತಕವನ್ನು ತಾರುಣ್ಯದಲ್ಲಿಯೇ ಓದಿದ್ದ ಬಿ. ಎಫ್. ಸ್ಕಿನ್ನರನು (1904-1990) ಇಲಿ, ಪಾರಿವಾಳಗಳಿಂದ ಅದನ್ನು ಶಾಸ್ತ್ರವಾಗಿ ಬೆಳೆಸಿದನು. ಇದೇ ನಮ್ಮ ಪುಸ್ತಕಗಳ ಧನಾತ್ಮಕ ಪುನರ್ಬಲನ. 1951ರಲ್ಲಿ ಅವನು ಪ್ರಾಣಿಗಳಿಗೆ ಕಲಿಸುವ ಬಗೆಯನ್ನು ಸಾಮಾನ್ಯರಿಗಾಗಿ ಒಂದು ಲೇಖನದಲ್ಲಿ ತಿಳಿಸಿದನು. ಮೊದಲು ಟಿಕ್ ಎನ್ನುವ ಸಣ್ಣ ಆಟಿಗೆಯ ಸಪ್ಪಳಕ್ಕೂ ತಿನಿಸಿಗೂ ಗಂಟುಹಾಕಬೇಕು, ಇದು ಪಾವ್ಲೊವನ ಪಾಲು. ನಾಯಿಯು ಬೇಕಾದುದನ್ನು ಮಾಡಿದ ಕ್ಷಣಕ್ಕೆ ಸರಿಯಾಗಿ ಟಿಕ್ ಎನ್ನಿಸಿ ತಿನಿಸನ್ನು ಕೊಡಬೇಕು, ಇದು ಸ್ಕಿನ್ನರನ ಪಾಲು. 1910ರಲ್ಲಿ ಜರ್ಮನಿಯ ಕೊನ್ರಾಡ್ ಮೋಸ್ಟನು ಬರೆದ ಪೋಲೀಸು ನಾಯಿಗಳ ಶಿಕ್ಷಣದ ಪುಸ್ತಕದಲ್ಲಿ ಬಲಾತ್ಕಾರಕ್ಕೆ ದೊಡ್ಡ ಸ್ಥಾನವಿದ್ದಿತು. ಲೋಕವು ಅಲ್ಲಿಂದ ಇಲ್ಲಿಗೆ ಬರಲು ಅನೇಕ ದಶಕಗಳು ಹಿಡಿದವು.

ನಮ್ಮ ಅಂಗಳದಲ್ಲಿ ಇದಕ್ಕೆ ಆಟಿಗೆಯೂ ಬೇಕಿಲ್ಲ. ಭಲೆ ಎಂಬ ಒಂದು ಮಾತು, ಅಂಗಿಯ ಕಿಸೆಯಲ್ಲಿ ಕಡಲೆಕಾಳಿನಷ್ಟು ಸಣ್ಣ ರೊಟ್ಟಿಯ ಚೂರುಗಳು ಸಾಕು. ಚೂರನ್ನು ಮರಿಯ ಮೂಗಿನಿಂದ ಮೇಲಕ್ಕೆ, ತಲೆಯ ಹಿಂದಕ್ಕೆ ಒಯ್ದರೆ ಅದು ಕತ್ತೆತ್ತಿ ತಾನಾಗಿಯೇ ಕುಳಿತುಕೊಳ್ಳುತ್ತದೆ. ಕುಳಿತ ಕ್ಷಣಕ್ಕೆ ಭಲೆ ಎಂದು ಚೂರನ್ನು ಕೊಡಬೇಕು. ನಾಲ್ಕಾರು ಸಲವಾದ ಮೇಲೆ ಕೂಡು ಎಂಬ ಮಾತನ್ನು ಮುಂದೆ ಸೇರಿಸಬೇಕು. ಮನೆಯವರೆಲ್ಲರೂ ಅದೊಂದೇ ಮಾತನ್ನು ಬಳಸಬೇಕು. ಚೆನ್ನಾಗಿ ಕಲಿತ ಬಳಿಕ ಪ್ರತಿಸಲ ಚೂರು ಬೇಡ, ಆಗೊಮ್ಮೆ ಈಗೊಮ್ಮೆ ಕೊಟ್ಟರೆ ಅಭ್ಯಾಸವು ಇನ್ನೂ ಗಟ್ಟಿಯಾಗುತ್ತದೆ. ಮರಿಯು ಒಳಗೆ ಹೇಸಿಗೆ ಮಾಡಿದರೆ ಮೂಗನ್ನು ತಿಕ್ಕುವುದರಿಂದ ಏನೂ ಫಲವಿಲ್ಲ. ಉಂಡ ಕೂಡಲೆ, ನಿದ್ದೆಯಿಂದೆದ್ದ ಕೂಡಲೆ ಹೊರಗೆ ಒಯ್ದು, ಅಲ್ಲಿ ಮಾಡಿದಾಗ ಭಲೆ ಎನ್ನಬೇಕು. ಊಟಕ್ಕೆ ಕುಳಿತಾಗ ಬೊಗಳಿ ಬೇಡುವ ನಾಯಿಯದು ಬೇರೆ ಕಥೆ. ಎಲ್ಲರೂ ಸುಮ್ಮನಿರುತ್ತಾರೆ, ಹತ್ತನೆಯ ಸಲ ಬೊಗಳಿದಾಗ ಅಜ್ಜಿಯು ಕರುಣೆಯಿಂದ ತುತ್ತನ್ನು ಎಸೆಯುತ್ತಾಳೆ. ಹತ್ತು ಸಲ ಬೊಗಳಬೇಕೆಂಬ ಪಾಠವನ್ನು ಅಜ್ಜಿಯು ಸ್ಕಿನ್ನರನಿಗಿಂತ ಚೆನ್ನಾಗಿ ಕಲಿಸಿದಂತಾಯಿತು. ಕೊಡುವುದನ್ನು ನಿಲ್ಲಿಸಿದರೆ ಮೊದಲ ಕೆಲವು ದಿನ ಬೊಗಳುವುದು ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ. ಆ ಕೆಲವು ದಿನಗಳನ್ನು ತಾಳುವುದೇ ಕಷ್ಟದ ಕೆಲಸ.

1935ರ ಆಗಸ್ಟಿನಲ್ಲಿ ಲೆನಿನ್‌ಗ್ರಾಡಿನಲ್ಲಿಯೂ ಮಾಸ್ಕೋದಲ್ಲಿಯೂ ಶರೀರಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು ನೆರೆಯಿತು. 85 ವರುಷದ ಪಾವ್ಲೊವನು ಅದರ ಅಧ್ಯಕ್ಷನಾಗಿದ್ದನು. ಅದೇ ವರುಷ, ಅವನ ಇಚ್ಛೆಯಂತೆ, ಸಂಸ್ಥೆಯ ತೋಟದಲ್ಲಿ ನಾಯಿಯ ಸ್ಮಾರಕವನ್ನು ಎತ್ತಿದರು. ನೀರಿನ ಕಾರಂಜಿ, ಅದರ ಕಂಬದ ಮೇಲೆ ಕುಳಿತ ನಾಯಿ. 1936ನೆಯ ಇಸವಿ ಫೆಬ್ರುವರಿ 27ರಂದು ಪಾವ್ಲೊವನು ಪುಪ್ಪುಸದ ಉರಿಯೂತದಿಂದ ತೀರಿಕೊಂಡನು. ರಿಯಾಜಾನಿನಲ್ಲಿ ಅವನು ಹುಟ್ಟಿ ಬೆಳೆದ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ಅವನ ನಾಯಿಗಳಲ್ಲೊಂದರ ದೇಹವನ್ನು ಹುಲ್ಲುತುಂಬಿದ ಪ್ರಾಣಿಗಳಂತೆ ಕೆಡದಂತೆ ಮಾಡಿ ಅಲ್ಲಿ ನಿಲ್ಲಿಸಿದ್ದಾರೆ. ಅದರ ಕೆನ್ನೆಯ ಮೇಲೆ ಜೊಲ್ಲನ್ನು ಹಿಡಿಯುವ ಪುಟ್ಟ ನಳಿಗೆಯು ಇನ್ನೂ ಹಾಗೆಯೇ ಇದೆ.